ಮೊಲದ ಮೂರನೆಯ ಕಾಲು: ಒಂದು ಶಾಸ್ತ್ರೀಯ ಜಿಜ್ಞಾಸೆ

‘ತಾನು ಹಿಡಿದ ಮೊಲಕ್ಕೆ ಮೂರೇ ಕಾಲು’ ಎಂಬ ಗಾದೆಯನ್ನು ಇದುವರೆಗಿನ ಪಂಡಿತರೆಲ್ಲ ಹಟಮಾರಿಗಳ ತಲೆಗೆ ಕಟ್ಟಿ ಕೈತೊಳೆದುಕೊಂಡಿದ್ದಾರೆ. ಅವರಲ್ಲೊಬ್ಬರೂ ಪ್ರಯೋಗಾಲಯದ ಫ್ರೀಜರ್ ಬಾಗಿಲು ತೆಗೆದವರಲ್ಲ ಎಂಬುದು ಈ ಪ್ರಬಂಧದ ವಿನಮ್ರ ಆಕ್ಷೇಪ. ಗಾದೆ ಹೇಳುತ್ತಿರುವುದು ಮೊಲದ ಪಾಲಿಕ್ಲೋನಲ್ ಆಂಟಿಬಾಡಿಯ ಸಂಗತಿ.

ಪ್ರಮಾಣ ಬೇಕೆನ್ನುವವರು ಕೇಳಿ. 1959ರಲ್ಲಿ ರಾಡ್ನಿ ಪೋರ್ಟರ್ ಎಂಬ ಇಂಗ್ಲೆಂಡಿನ ವಿಜ್ಞಾನಿ, ಪರಂಗಿಕಾಯಿಯ ಹಾಲಿನಲ್ಲಿರುವ ಪಪೇನ್ ಕಿಣ್ವದಿಂದ ಮೊಲದ ಆಂಟಿಬಾಡಿಯನ್ನು ಕತ್ತರಿಸಿದರು. ಬಂದದ್ದು ಮೂರು ತುಂಡು. ಎರಡು ಆಂಟಿಜೆನ್ ಹಿಡಿದವು; ಮೂರನೆಯದು ಏನನ್ನೂ ಹಿಡಿಯದೆ ಹರಳುಗಟ್ಟಿ ಕೂತಿತು. ಇಂಥ ಕೆಲಸಕ್ಕೆ 1972ರಲ್ಲಿ ಅವರಿಗೆ ನೊಬೆಲ್‌ನಲ್ಲಿ ಪಾಲು ಸಿಕ್ಕಿತು. ಗಾದೆ ಕಟ್ಟಿದ ನಮ್ಮವರಿಗೆ ಒಂದು ಶಾಲು, ಒಂದು ಹಣ್ಣಿನ ಬುಟ್ಟಿಯೂ ಇಲ್ಲ.

ಇನ್ನು ಪದಶಃ ವ್ಯಾಖ್ಯಾನ. ‘ಮೊಲಕ್ಕೆ’ ಎಂದು ಏಕವಚನವೇಕೆ? ಒಂದೇ ಪ್ರೋಟೀನನ್ನು ಎರಡು ಮೊಲಗಳಿಗೆ ಚುಚ್ಚಿದರೂ ಅದರ ಯಾವ ಯಾವ ಮೂಲೆಗಳನ್ನು ಗುರುತಿಸಬೇಕೆಂಬುದನ್ನು ಒಂದೊಂದು ಮೊಲ ಒಂದೊಂದು ರೀತಿ ತೀರ್ಮಾನಿಸುತ್ತದೆ. ಆ ಮೊಲ ತೀರಿಕೊಂಡರೆ ಆ ಸೀರಮ್ ಮತ್ತೆ ಹುಟ್ಟದು. ಆದ್ದರಿಂದ ಲಾಟ್ ನಂಬರ್ ಎಂಬುದು ಗೋತ್ರವಿದ್ದಂತೆ. ವಿಚಾರಿಸದೆ ಸಂಬಂಧ ಬೆಳೆಸಬಾರದು. 1975ರಲ್ಲಿ ಕೋಹ್ಲರ್ ಮತ್ತು ಮಿಲ್‌ಸ್ಟೀನ್ ಈ ತಾಪತ್ರಯವಿಲ್ಲದ ಮಾನೋಕ್ಲೋನಲ್ ಬಗೆಯನ್ನು ಸಾಧಿಸಿದರು ನಿಜ. ಅದು ಇಲಿಯ ವಿಚಾರ. ಇಲಿಗೆ ಬೇರೆ ಗಾದೆಗಳಿವೆ.

‘ಹಿಡಿದ’ ಎಂಬಲ್ಲಿ ಕರ್ತೃ ಯಾರು? ಸಂಶೋಧಕನಂತೂ ಅಲ್ಲ, ಮೇಕೆ. ಮೊಲದ ಆಂಟಿಬಾಡಿಯನ್ನು ಮೇಕೆಗೆ ಚುಚ್ಚಿದರೆ ಅದು ಮೊಲದ ಮೇಲೆ ಹಗೆ ಸಾಧಿಸುವ ಆಂಟಿಬಾಡಿ ಕೊಡುತ್ತದೆ. ಅದಕ್ಕೆ ಬಣ್ಣವನ್ನೋ ಕಿಣ್ವವನ್ನೋ ಅಂಟಿಸಿ ಬಿಟ್ಟರೆ ಮೊಲದ ಮೂರನೆಯ ಕಾಲು ಹಿಡಿದು ಎಲ್ಲಿದೆಯೆಂದು ತೋರಿಸುತ್ತದೆ. ಮೇಕೆಯನ್ನು ಹಿಡಿಯಲು ಕತ್ತೆಯದ್ದೂ ಮಾರಾಟಕ್ಕಿದೆ. ಇಷ್ಟೊಂದು ವೈರ ಪಂಚತಂತ್ರದಲ್ಲೂ ಕಾಣೆ.

ಇಡೀ ಸಂರಕ್ಷಣಾಶಾಸ್ತ್ರ ಅಡಗಿರುವುದು ‘ಮೂರೇ’ ಎಂಬುದರ ಏವಕಾರದಲ್ಲಿ: ಮೂರು ಕಾಲು ಮೂರಾಗಿಯೇ ಉಳಿಯಬೇಕು. ಹೆಪ್ಪುಗಟ್ಟಿಸಿ, ಕರಗಿಸಿ, ಮತ್ತೆ ಹೆಪ್ಪುಗಟ್ಟಿಸಿದರೆ ಆಂಟಿಬಾಡಿಗಳು ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತವೆ. ಆದಕಾರಣ ಬಂದ ದಿನವೇ ಪುಟ್ಟ ಪುಟ್ಟ ಟ್ಯೂಬುಗಳಿಗೆ ಹಂಚಿ ಮೈನಸ್ 20 ಡಿಗ್ರಿಯಲ್ಲಿಡತಕ್ಕದ್ದು. ಕರಗಿಸಿದ್ದನ್ನು 4 ಡಿಗ್ರಿಯಲ್ಲಿಟ್ಟು ಬಳಸಿ ಮುಗಿಸತಕ್ಕದ್ದು. ನಮ್ಮಜ್ಜಿ ಉಪ್ಪಿನಕಾಯಿಯ ದೊಡ್ಡ ಭರಣಿಯನ್ನು ಯಾರಿಗೂ ಮುಟ್ಟಗೊಡದೆ, ವಾರಕ್ಕಾಗುವಷ್ಟನ್ನು ಚಿಕ್ಕ ಜಾಡಿಗೆ ತೆಗೆದಿಡುತ್ತಿದ್ದಳು. ಪೈಪೆಟ್ ಒಂದಿರಲಿಲ್ಲ, ಅಷ್ಟೆ.

ಇಲ್ಲಿ ಪೂರ್ವಪಕ್ಷ: ‘ಮಂಜುಗಟ್ಟದ ಫ್ರೀಜರ್ ಕೊಂಡರೆ ಲೇಸಲ್ಲವೆ?’ ಅಲ್ಲ. ಆಗಾಗ ತಾನೇ ಬೆಚ್ಚಗಾಗಿ ಮಂಜು ಕರಗಿಸಿಕೊಳ್ಳುವುದು ಅದರ ಸ್ವಭಾವ. ನಮಗೆ ಸೌಕರ್ಯ, ಮೊಲಕ್ಕೆ ಸಂಕಟ. ಅರ್ಧಕ್ಕರ್ಧ ಗ್ಲಿಸರಾಲ್ ಬೆರೆಸಿದ್ದು ಮೈನಸ್ 20ರಲ್ಲೂ ಗಟ್ಟಿಯಾಗದು ಎಂಬ ಮತಕ್ಕೆ ನಮ್ಮ ಸಮ್ಮತಿಯಿದೆ. ಸೋಡಿಯಂ ಅಜೈಡ್ ಶೇಕಡಾ 0.02ರಷ್ಟಿದ್ದರೆ ಬೂಷ್ಟು ಬಾರದು, ಆದರೆ ಮೇಕೆಯ ಆಂಟಿಬಾಡಿಗೆ ಅಂಟಿಸುವ ಪೆರಾಕ್ಸಿಡೇಸ್ ಕಿಣ್ವಕ್ಕೂ ಅದೇ ವಿಷ. ಇದನ್ನರಿಯದೆ ಅಜೈಡ್ ಇರುವ ಬಫರಿನಲ್ಲಿ ಬ್ಲಾಟ್ ತೊಳೆದು, ಏನೂ ಕಾಣದಾದಾಗ ಮೊಲವನ್ನು ಬೈದವರು ಎಲ್ಲ ಲ್ಯಾಬಿನಲ್ಲೂ ಇದ್ದಾರೆ.

ಕೊನೆಗೆ, ಸಿದ್ಧಾಂತಕ್ಕೆ ಎದುರಾದ ಒಂದು ಪ್ರತ್ಯಕ್ಷವನ್ನು ಮುಚ್ಚಿಡುವುದು ಸಲ್ಲ. ನಮ್ಮ ಪ್ರೋಟೀನಿಗೆ ಮೂರು ರೂಪ, ಬ್ಲಾಟಿನಲ್ಲಿ ಮೂರು ಪಟ್ಟಿ. ನನ್ನ ಸಂಶೋಧನಾ ಪ್ರಬಂಧದಲ್ಲೂ ಹಾಗೆಯೇ ಬರೆದಾಗಿತ್ತು. ಹೊಸ ಲಾಟ್ ಬಂದ ವಾರ ಬ್ಲಾಟ್ ತೆಗೆದುಕೊಂಡು ಗೈಡ್ ಬಳಿ ಹೋದೆ.

“ಸರ್, ನಾಲ್ಕು ಬಂದಿವೆ.”

ಅವರು ಕನ್ನಡಕ ಸರಿಮಾಡಿಕೊಂಡು, ನಾಲ್ಕನೆಯದರ ಮೇಲೆ ಹೆಬ್ಬೆರಳಿಟ್ಟು ಎಣಿಸಿದರು.

“ಮೂರೇ ಕಣಯ್ಯ.”