ಲೇಬಲ್ ಹಚ್ಚಾಯ್ತಾ?

(ಕನ್ನಡ ಕೀಬೋರ್ಡ್ ಆ್ಯಪ್ ಒಂದರ ಗಿಟ್‌ಹಬ್ ಪುಟ. ದೂರುಗಳ ರಾಶಿಯ ಮುಂದೆ ಮೇಂಟೇನರ್ ಮತ್ತು ಹೊಸ ಸ್ವಯಂಸೇವಕಿ.)

ಸ್ವಯಂಸೇವಕಿ: ಸಾರ್, ‘ರ‍್ಯಾಂಕ್’ ಅಂತ ಟೈಪಿಸಿದ್ರೆ ರ ಹೋಗಿ ‘ಯಾ’ ಪಕ್ಕ ಅರ್ಕಾವತ್ತಾಗಿ ಕೂರುತ್ತಂತೆ.

ಮೇಂಟೇನರ್: ತಾಳಮ್ಮ... ಹ್ಞಾಂ, ‘ಬಗ್’ ಹಚ್ಚಿದೆ. ಮುಂದಿನದು?

ಸ್ವಯಂಸೇವಕಿ: ರ ಆದ್ಮೇಲೆ, ಹಲಂತಕ್ಕೆ ಮುಂಚೆ, ಕಣ್ಣಿಗೆ ಕಾಣದ ಬೆಸುಗೆ ಚಿಹ್ನೆ ಝಡ್‌ಡಬ್ಲ್ಯೂಜೆ ಸೇರಿಸಿದ್ರೆ ಸರಿಹೋಗುತ್ತೆ. ಒಂದು ಸಾಲಿನ ಕೆಲಸ.

ಮೇಂಟೇನರ್: ಅವಸರ ಬೇಡ. ಗಿಟ್‌ಹಬ್‌ನೋರು ಕೊಟ್ಟಿದ್ದು 9 ಲೇಬಲ್, ನಾವು 80 ಮಾಡ್ಕೊಂಡಿದೀವಿ. ಬಣ್ಣ ಆರಿಸೋಕೇ ಮೂರು ಮೀಟಿಂಗ್ ಆಯ್ತು.

ಸ್ವಯಂಸೇವಕಿ: ತಿಳಿಹಸಿರಿಗೂ ಗಿಳಿಹಸಿರಿಗೂ ಏನು ವ್ಯತ್ಯಾಸ?

ಮೇಂಟೇನರ್: ಒಂದು ‘ಪರಿಶೀಲನೆಯಲ್ಲಿದೆ’. ಇನ್ನೊಂದು ‘ಪರಿಶೀಲಿಸಬೇಕೇ ಎಂದು ಪರಿಶೀಲಿಸಲಾಗುತ್ತಿದೆ’.

ಸ್ವಯಂಸೇವಕಿ: ಇದೇ ದೂರು ಇನ್ನೂ ನಾಲ್ಕು ಜನ ಕೊಟ್ಟಿದಾರೆ.

ಮೇಂಟೇನರ್: ‘ಡೂಪ್ಲಿಕೇಟ್’ ಹಚ್ಚಿ ಮುಚ್ಚಿದೆ. ನೋಡು, ಒಂದೇ ಏಟಿಗೆ ನಾಲ್ಕು ಸಮಸ್ಯೆ ಬಗೆಹರೀತು!

(ಬಗೆಹರಿದಿದ್ದು ಪಟ್ಟಿಯ ಉದ್ದ, ‘ರ‍್ಯಾಂಕ್’ ಇನ್ನೂ ಹಾಗೇ ಇದೆ.)

ಸ್ವಯಂಸೇವಕಿ: ಮೊದಲನೆಯದು?

ಮೇಂಟೇನರ್: ‘ಗುಡ್ ಫಸ್ಟ್ ಇಶ್ಯೂ’. ಹೊಸಬರು ಯಾರಾದ್ರೂ ಬಂದು ಮಾಡ್ತಾರೆ.

ಸ್ವಯಂಸೇವಕಿ: ನಾನೇ ಮಾಡಿ ಕಳ್ಸಿದ್ದೆ ಸಾರ್. ಪುಲ್ ರಿಕ್ವೆಸ್ಟ್ ಹೋದ ತಿಂಗಳಿಂದ ಬಿದ್ದಿತ್ತು. ಬಾಟ್ ಬಂದು ‘ಸ್ಟೇಲ್’ ಹಚ್ಚಿ ಮುಚ್ಚಿಬಿಡ್ತು.

ಮೇಂಟೇನರ್: ಅಯ್ಯೋ! ನೀನು ಲೇಬಲ್ ಹಚ್ಚಿರ್ಲಿಲ್ವಾ?

ಸ್ವಯಂಸೇವಕಿ: ಹೊರಗಿನವರಿಗೆ ಹಚ್ಚೋ ಅಧಿಕಾರ ಇಲ್ವಲ್ಲ.

ಮೇಂಟೇನರ್: ಹೌದಾ? ಹಾಗಾದ್ರೆ ಅದರ ಮೇಲೊಂದು ದೂರು ಕೊಡು. ಈಗ್ಲೇ ಲೇಬಲ್ ಹಚ್ತೀನಿ.