ಅಥ ಹೆಬ್ಬಾಳ ಸ್ವಪ್ನಸ್ಥೈರ್ಯ ಮೀಮಾಂಸೆ

ಪೀಠಿಕೆ

ಮಾಂಡೂಕ್ಯೋಪನಿಷತ್ತು 12 ಮಂತ್ರಗಳಲ್ಲಿ ಜಾಗ್ರತ್, ಸ್ವಪ್ನ, ಸುಷುಪ್ತಿ, ತುರೀಯವೆಂಬ ನಾಲ್ಕು ಅವಸ್ಥೆಗಳನ್ನು ಹೇಳಿ ಮುಗಿಸಿತು. ಋಷಿಗಳು ಬೆಳಗ್ಗೆ ಒಂಬತ್ತಕ್ಕೆ ಯಲಹಂಕದಿಂದ ಮೆಜೆಸ್ಟಿಕ್ ಬಸ್ಸು ಹತ್ತದೇ ಇದ್ದುದರಿಂದ ಐದನೆಯದು ಬಿಟ್ಟುಹೋಯಿತು. ಎಂಜಿನ್ ಓಡುತ್ತಿದ್ದರೂ ಬಸ್ಸು ಓಡದ ಹೆಬ್ಬಾಳಾವಸ್ಥೆಯೇ ಅದು. ಕನಸು ಬೀಳುವ ನಿದ್ದೆಯ ಲಕ್ಷಣವೂ ಇದೇ: ಮಿದುಳು ಚಾಲೂ, ಕೈಕಾಲು ಬಂದ್, ಕಣ್ಣುಗುಡ್ಡೆಗಳಿಗೆ ಮಾತ್ರ ಹಸಿರು ಸಿಗ್ನಲ್.

ಈ ಸಂದಿಯಲ್ಲೇ 1975ರಲ್ಲಿ, ಇಂಗ್ಲೆಂಡಿನ ಹಲ್ ವಿಶ್ವವಿದ್ಯಾಲಯದಲ್ಲಿ ಕೀತ್ ಹರ್ನ್ ಅವರ ಪ್ರಯೋಗಕ್ಕೆ ಮಲಗಿದ್ದ ಅಲನ್ ವರ್ಸ್ಲಿ, ತಾನು ಕನಸಿನೊಳಗಿದ್ದೇನೆಂದು ಅರಿತು, ಮೊದಲೇ ಮಾತಾಡಿಕೊಂಡಂತೆ ಕಣ್ಣನ್ನು ಎಡಕ್ಕೂ ಬಲಕ್ಕೂ ಹೊರಳಿಸಿ ಸುದ್ದಿ ಮುಟ್ಟಿಸಿದ. ಹೆಬ್ಬಾಳದಲ್ಲಿ ರಸ್ತೆ ದಾಟುವವರು ದಿನವೂ ಮಾಡುವ ಕೆಲಸಕ್ಕೆ ಅಲ್ಲಿ ಸಂಶೋಧನೆ ಎನ್ನುತ್ತಾರೆ.

ಪ್ರಮಾಣ

ಇದು ಕನಸೆಂದು ತಿಳಿಯುವುದು ಹೇಗೆ? ಬರಹವನ್ನು ಎರಡು ಸಲ ಓದು, ಅಕ್ಷರ ಬದಲಾದರೆ ಕನಸು ಎಂಬುದು ಪಾಶ್ಚಾತ್ಯ ಮತ. ಬಸ್ಸಿನ ಓಡುವ ಬೋರ್ಡು ಎಚ್ಚರದಲ್ಲೂ ಬದಲಾಗುವುದರಿಂದ ಅದು ಅಗ್ರಾಹ್ಯ. ಸ್ವಿಚ್ ಒತ್ತಿದರೂ ದೀಪ ಹತ್ತದಿದ್ದರೆ ಕನಸು ಎಂಬ ವಾದವನ್ನು ಆರ್.ಟಿ. ನಗರದಲ್ಲಿ ಮಳೆಗಾಲದ ಕರೆಂಟೇ ಖಂಡಿಸುತ್ತದೆ. ಆದ್ದರಿಂದ ಉತ್ತರ ಬೆಂಗಳೂರಿಗೆ ಒಂದೇ ಪ್ರಮಾಣ: ಮೇಲ್ಸೇತುವೆ ಖಾಲಿಯಿದ್ದರೆ ಅದು ಕನಸು.

ಪೂರ್ವಪಕ್ಷ: ಭಾನುವಾರ ನಿಜಕ್ಕೂ ಖಾಲಿಯಿರಬಹುದಲ್ಲ? ಸಮಾಧಾನ: ಅಂದು ನಂದಿಬೆಟ್ಟಕ್ಕೆ ಹೊರಟವರಿರುತ್ತಾರೆ. ಅಪರಾತ್ರಿಯಲ್ಲಿ? ವಿಮಾನ ಹಿಡಿಯುವವರಿರುತ್ತಾರೆ, 2008ರಲ್ಲಿ ದೇವನಹಳ್ಳಿಯ ನಿಲ್ದಾಣ ತೆರೆದ ಮೇಲೆ ಈ ಆಕ್ಷೇಪವೂ ಬಿದ್ದುಹೋಗಿದೆ.

ಸ್ಥೈರ್ಯವಿಧಿ

ಖಾಲಿ ಸೇತುವೆ ಕಂಡವನು ಹಿಗ್ಗುತ್ತಾನೆ, ಹಿಗ್ಗಿದವನಿಗೆ ಎಚ್ಚರವಾಗುತ್ತದೆ. ಮುಖ್ಯ ವಿಘ್ನ ಇದೇ. ಆದಕಾರಣ ಕನಸಿನಲ್ಲೇ ಅಂಗೈಗಳನ್ನು ಉಜ್ಜಬೇಕು. ಗಮನ ಸ್ಪರ್ಶಕ್ಕೆ ಅಂಟಿಕೊಂಡರೆ ದೃಶ್ಯ ಕದಲುವುದಿಲ್ಲ. ಚಿತ್ರ ಮಸುಕಾದರೆ ನಿಂತಲ್ಲೇ ಗಿರಗಿರನೆ ಸುತ್ತಬೇಕೆಂಬುದು ಸ್ಟ್ಯಾನ್‌ಫರ್ಡಿನಲ್ಲಿ ಸಂಶೋಧಿಸಿದ ಸ್ಟೀಫನ್ ಲಬರ್ಜ್ ಅವರ ಮತ. ಹೆಬ್ಬಾಳದ ಲೂಪುಗಳಲ್ಲಿ ದಾರಿ ತಪ್ಪಿದವರಿಗೆ ಇದರ ಅಭ್ಯಾಸ ಮೊದಲೇ ಇದೆ. ಮೂಗಿನ ಆಸರೆ ಬೇಕಾದವರು ಯಶವಂತಪುರದ ಸ್ಯಾಂಡಲ್ ಸೋಪ್ ಫ್ಯಾಕ್ಟರಿಯ ಘಮವನ್ನು ನೆನೆಯತಕ್ಕದ್ದು. ಗಡಿಯಾರವನ್ನಂತೂ ನೋಡಕೂಡದು, ‘ಇಷ್ಟು ಬೇಗ ಬಂದುಬಿಟ್ಟೆನೇ!’ ಎಂಬ ಉದ್ಗಾರವನ್ನು ಯಾವ ಕನಸೂ ತಾಳದು. “ಎಸ್ಟೀಮ್ ಮಾಲ್ ಯಾರ್ರೀ, ಬೇಗ ಇಳೀರಿ” ಎಂಬ ಕಂಡಕ್ಟರ್ ಕೂಗು ಕೇಳಿಸಿದರೆ ಅವರನ್ನೂ ಕನಸಿನೊಳಕ್ಕೆ ಸೇರಿಸಿಕೊಂಡು ಮುಂದಿನ ಸ್ಟಾಪಿನ ಟಿಕೆಟ್ ಕೇಳಬೇಕು.

ಫಲಶ್ರುತಿ

ಇದನ್ನು ಪಠಿಸಿ ಮಲಗಿದವನು ಯಲಹಂಕದಿಂದ ಮೇಖ್ರಿ ಸರ್ಕಲ್ಲಿಗೆ ಹತ್ತೇ ನಿಮಿಷದಲ್ಲಿ ತಲುಪುವನು. ಆಫೀಸಿನ ಹಾಜರಿ ಯಂತ್ರವು ಜಾಗ್ರದವಸ್ಥೆಯ ಬೆರಳನ್ನು ಮಾತ್ರ ಮಾನ್ಯ ಮಾಡುವುದರಿಂದ, ಅರ್ಧ ದಿನದ ರಜೆ ಕಡಿತವಾದರೆ ಶಾಸ್ತ್ರಕಾರರು ಹೊಣೆಯಲ್ಲ.