ಸಂಶಯಕ್ಕೊಂದು ಸರ್ಟಿಫಿಕೇಟ್

ಸಂಶಯದ ಮನುಷ್ಯನಿಗೆ ನಮ್ಮಲ್ಲಿ ಮರ್ಯಾದೆ ಕಡಿಮೆ. ಅಂಗಡಿಯವನು ಕೊಟ್ಟ ಚಿಲ್ಲರೆಯನ್ನು ಎರಡು ಸಲ ಎಣಿಸುವವನನ್ನು, ಬೀಗ ಹಾಕಿ ಮೂರು ಸಲ ಜಗ್ಗಿ ನೋಡುವವನನ್ನು ಮನೆಯವರೇ ಆಡಿಕೊಳ್ಳುತ್ತಾರೆ. ಅದೇ ಗುಣಕ್ಕೆ ಪರೀಕ್ಷೆ ಇಟ್ಟು, ಶುಲ್ಕ ಕಟ್ಟಿಸಿಕೊಂಡು, ಹೆಸರಿನ ಮುಂದೆ ಬರೆದುಕೊಳ್ಳಲು ಐದು ಇಂಗ್ಲಿಷ್ ಅಕ್ಷರಗಳನ್ನು ದಯಪಾಲಿಸುವ ಸಂಸ್ಥೆಯೂ ಲೋಕದಲ್ಲಿದೆ. ಮಾಹಿತಿ ಭದ್ರತೆಯ ಕಸುಬಿನವರು ಹಂಬಲಿಸುವ ಸಿಐಎಸ್‌ಎಸ್‌ಪಿ ಸರ್ಟಿಫಿಕೇಟನ್ನು ಐಎಸ್‌ಸಿ2 ಎಂಬ ಅಮೆರಿಕದ ಸಂಸ್ಥೆ 1994ರಿಂದ ಕೊಡುತ್ತಿದೆ. ಪರೀಕ್ಷೆಯ ಶುಲ್ಕ 749 ಡಾಲರ್, ಅಂದರೆ 60,000 ರೂಪಾಯಿಗೂ ಮೇಲೆ. 2025–26ರ ಬೆಂಬಲ ಬೆಲೆ ಕ್ವಿಂಟಲಿಗೆ 8,000 ರೂಪಾಯಿಯ ಲೆಕ್ಕ ಹಿಡಿದರೆ ಸುಮಾರು ಎಂಟು ಕ್ವಿಂಟಲ್ ತೊಗರಿ. ತರಬೇತಿಯ ಫೀಸು ಬೇರೆ. ‘ಐದೇ ದಿನದ ತರಬೇತಿ, ಪಾಸಾಗುವುದು ಗ್ಯಾರಂಟಿ’ ಎಂಬ ಜಾಹೀರಾತುಗಳಿಗೂ ಬರವಿಲ್ಲ. ಯಾವ ಭರವಸೆಯನ್ನೂ ಪರಿಶೀಲಿಸದೆ ನಂಬಬೇಡಿ ಎಂದು ಕಲಿಸುವ ಕೋರ್ಸಿಗೆ ಜನ ಸೇರುವುದು ಇಂಥ ಭರವಸೆಯನ್ನು ಪರಿಶೀಲಿಸದೆ ನಂಬಿಯೇ.

ಈ ವಿದ್ಯೆಗೆ ಮೂರು ಕಂಬಗಳು ಎಂದು ಮೊದಲ ದಿನವೇ ಬೋರ್ಡಿನ ಮೇಲೆ ಬರೆಯುತ್ತಾರೆ: ಗುಟ್ಟು ಗುಟ್ಟಾಗಿರಬೇಕು, ದಾಖಲೆ ಕೆಡದೆ ಇರಬೇಕು, ಬೇಕಾದಾಗ ಕೈಗೆ ಸಿಗಬೇಕು. ಆಮೇಲೆ ಬರುವ ಉದಾಹರಣೆಗಳೆಲ್ಲ ಅಮೆರಿಕದ ಬ್ಯಾಂಕಿನವು, ಯುರೋಪಿನ ಆಸ್ಪತ್ರೆಯವು. ಅಷ್ಟು ದೂರ ಹೋಗುವ ದರ್ದು ಏನಿದೆ? ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಷ್ಟು ಒಳ್ಳೆಯ ಪಠ್ಯಪುಸ್ತಕ ಈ ಕೋರ್ಸಿಗೆ ಬೇರೆ ಸಿಗದು ಎಂಬುದು ನನ್ನ ವಾದ. ಮೂರು ತಾಲ್ಲೂಕು, ಮೂರು ಕಂಬ, ಲೆಕ್ಕ ಸರಿಹೋಗುತ್ತದೆ.

ಮೊದಲು ಆಳಂದ, ದಾಖಲೆ ಕೆಡದೆ ಇರಬೇಕೆಂಬ ಕಂಬಕ್ಕೆ. 2023ರ ವಿಧಾನಸಭಾ ಚುನಾವಣೆಗೆ ಮುನ್ನ ಈ ಕ್ಷೇತ್ರದ ಮತದಾರರ ಪಟ್ಟಿಯಿಂದ ಹೆಸರು ತೆಗೆಯಿರಿ ಎಂದು ನಮೂನೆ 7ರಲ್ಲಿ ಆನ್‌ಲೈನ್ ಮೂಲಕ 6,018 ಅರ್ಜಿಗಳು ಬಂದವು. ಮನೆ ಮನೆಗೆ ಹೋಗಿ ವಿಚಾರಿಸಿದಾಗ ಸರಿ ಎಂದು ಉಳಿದವು 24; ಮಿಕ್ಕ 5,994 ತಿರಸ್ಕೃತವಾದವು. ಯಾರ ಹೆಸರಿನಲ್ಲಿ ಅರ್ಜಿ ಹೋಗಿತ್ತೋ ಅವರಿಗೇ ಆ ಸುದ್ದಿ ಗೊತ್ತಿರಲಿಲ್ಲ. ಬದುಕಿರುವ, ಊರಲ್ಲೇ ಇರುವ ಮನುಷ್ಯನನ್ನು ಪಕ್ಕದ ಮನೆಯವರ ಹೆಸರಿನಲ್ಲಿ ಪಟ್ಟಿಯಿಂದ ಅಳಿಸುವ ಯತ್ನ ಅದು. ಆ ವರ್ಷದ ಫೆಬ್ರುವರಿಯಲ್ಲೇ ಎಫ್‌ಐಆರ್ ದಾಖಲಾಯಿತು. ಮಾಡಿದವರು ಯಾರೆಂದು ತೀರ್ಮಾನಿಸುವುದು ನ್ಯಾಯಾಲಯದ ಕೆಲಸ, ಪ್ರಬಂಧದ್ದಲ್ಲ. ವಿದ್ಯಾರ್ಥಿ ಗಮನಿಸಬೇಕಾದದ್ದು ಬೇರೆ. ಈ ಗೋಲ್‌ಮಾಲನ್ನು ಹಿಡಿದದ್ದು ಯಾವ ಸಾಫ್ಟ್‌ವೇರೂ ಅಲ್ಲ. ತೆಗೆಯಬೇಕಾದ ಹೆಸರುಗಳ ನಡುವೆ ತಮ್ಮ ನೆಂಟರ ಹೆಸರನ್ನೇ ಕಂಡು ‘ಇದೇನಿದು’ ಎಂದು ಹುಬ್ಬೇರಿಸಿದ ಬೂತ್ ಮಟ್ಟದ ಅಧಿಕಾರಿಯಿಂದ ಇದು ಹೊರಬಂತು ಎಂಬುದು ಆಗ ಪತ್ರಿಕೆಗಳಲ್ಲಿ ಬಂದ ವರದಿ. ಅರ್ಜಿದಾರ ತಾನು ಹೇಳಿಕೊಳ್ಳುವ ವ್ಯಕ್ತಿಯೇ ಹೌದೇ ಎಂದು ಖಾತ್ರಿಪಡಿಸುವ ಇ–ಸಹಿಯ ವ್ಯವಸ್ಥೆ ಚುನಾವಣಾ ಆಯೋಗದಿಂದ ಬಂದದ್ದು 2025ರ ಸೆಪ್ಟೆಂಬರಿನಲ್ಲಿ. ಈ ಭಾಗದ ಹಳ್ಳಿಗೆ ಹೊಸಬ ಕಾಲಿಟ್ಟರೆ ಕಟ್ಟೆಯ ಮೇಲೆ ಕೂತ ಹಿರಿಯರು ‘ಯಾವೂರ್ರಿ? ಯಾರ ಪೈಕಿ?’ ಎಂದು ಕೇಳದೆ ಬಿಡುವುದಿಲ್ಲ. ವೆಬ್‌ಸೈಟಿನ ಬಾಗಿಲಲ್ಲಿ ಅಂಥ ಹಿರಿಯರೊಬ್ಬರು ಮೊದಲೇ ಕೂತಿದ್ದರೆ ಸಾಕಿತ್ತು.

ಇನ್ನು ಗುಟ್ಟಿನ ಕಂಬ. 2023ರ ಅಕ್ಟೋಬರ್ 28ರಂದು ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸಿದ ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ) ಹುದ್ದೆಗಳ ಪರೀಕ್ಷೆಯಲ್ಲಿ ಕಲಬುರಗಿ, ಯಾದಗಿರಿ ಕಡೆಯ ಕೇಂದ್ರಗಳಲ್ಲಿ ಅಭ್ಯರ್ಥಿಗಳು ಬ್ಲೂಟೂತ್ ಸಮೇತ ಸಿಕ್ಕಿಬಿದ್ದರು. ಪ್ರಕರಣದ ನಂಟು ಅಫಜಲಪುರ ತಾಲ್ಲೂಕಿನವರೆಗೂ ಹಬ್ಬಿತು. ಮರುತಿಂಗಳ ಪರೀಕ್ಷೆಗೆ ತುಂಬುತೋಳಿನ ಅಂಗಿ ಬೇಡ, ಬೂಟು ಬೇಡ ಎಂಬ ನಿಯಮ ಬಂತು. ತಪ್ಪು ಮಾಡಿದ್ದು ಕಿವಿ, ಶಿಕ್ಷೆ ಆದದ್ದು ತೋಳಿಗೂ ಕಾಲಿಗೂ. ನಗುವ ಮೊದಲು ಭದ್ರತೆಯ ಸರ್ಟಿಫಿಕೇಟಿನ ಮಾರುಕಟ್ಟೆಯನ್ನೂ ಒಮ್ಮೆ ನೋಡಬೇಕು. ಹಿಂದೆ ಪರೀಕ್ಷೆ ಬರೆದವರು ನೆನಪಿಟ್ಟುಕೊಂಡು ಬಂದ ಪ್ರಶ್ನೆಗಳನ್ನು ‘ಡಂಪ್ಸ್’ ಎಂಬ ಹೆಸರಿನಲ್ಲಿ ರಾಜಾರೋಷವಾಗಿ ಮಾರುತ್ತಾರೆ. ಗುಟ್ಟು ಕಾಯುವುದು ಹೇಗೆಂದು ಕಲಿಯಲು ಹೊರಟವನು ಸೋರಿದ ಗುಟ್ಟನ್ನು ಕೊಂಡು ಓದುತ್ತಾನೆ! ಅಫಜಲಪುರದ ಕಥೆಯನ್ನು ಕ್ಲಾಸಿನಲ್ಲಿ ಮೊದಲು ಹೇಳಿ, ಡಂಪ್ಸ್ ವಿಷಯವನ್ನು ಆಮೇಲೆ ಎತ್ತಿದರೆ ಅರ್ಧ ತರಗತಿ ತಲೆ ತಗ್ಗಿಸೀತು. ಪಾಠ ತಲೆಗೆ ಹತ್ತಿದ್ದಕ್ಕೆ ಅದಕ್ಕಿಂತ ದೊಡ್ಡ ಗುರುತು ಬೇಡ.

ಮೂರನೆಯ ಕಂಬಕ್ಕೆ ಜೇವರ್ಗಿಯನ್ನು ಆರಿಸಿಕೊಳ್ಳುತ್ತೇನೆ. ರಾಜ್ಯದ ಯಾವ ತಾಲ್ಲೂಕನ್ನು ಆರಿಸಿದರೂ ನಡೆದೀತು. 2000ದ ಸುಮಾರಿಗೆ ಕರ್ನಾಟಕ ‘ಭೂಮಿ’ ಯೋಜನೆಯಲ್ಲಿ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ದಾಖಲೆ ತಿದ್ದುವ ನೌಕರ ಬರೀ ಪಾಸ್‌ವರ್ಡಿನಿಂದ ಒಳಗೆ ಹೋಗುವಂತಿರಲಿಲ್ಲ, ಬೆರಳಚ್ಚನ್ನೂ ಕೊಡಬೇಕಿತ್ತು. ‘ನಾನಲ್ಲ, ನನ್ನ ಪಾಸ್‌ವರ್ಡ್ ಬೇರೆ ಯಾರೋ ಬಳಸಿದರು’ ಎಂಬ ಸರ್ಕಾರಿ ನೆಪಕ್ಕೆ ತಾಲ್ಲೂಕು ಕಚೇರಿಯಲ್ಲಿ ಅಂದೇ ಬೇಲಿ ಬಿತ್ತು. ಇದು ಹೆಮ್ಮೆಯ ಅಧ್ಯಾಯ. ಮುಂದಿನ ಅಧ್ಯಾಯ ಅಷ್ಟು ಹೆಮ್ಮೆಯದಲ್ಲ. ಕೈಬರಹದ ಪಹಣಿಗೆ ಬೆಲೆ ಹೋದಮೇಲೆ ಕಂಪ್ಯೂಟರ್ ಮಲಗಿತೆಂದರೆ ಕಾಗದವೂ ಇಲ್ಲ, ಪರದೆಯೂ ಇಲ್ಲ. ‘ಸರ್ವರ್ ಇಲ್ರೀ, ನಾಳಿ ಬರ್ರಿ’ ಎಂಬ ನಾಲ್ಕು ಮಾತು ಕೇಳದ ರೈತ ಅಪರೂಪ. ಸಾಲಕ್ಕೋ ಬೆಳೆವಿಮೆಗೋ ಕೊನೆಯ ದಿನ ಇದ್ದಾಗ ಆ ಮಾತು ಎಷ್ಟು ತುಟ್ಟಿ ಎಂಬುದನ್ನು ಪುಸ್ತಕದ ಯಾವ ಚಿತ್ರವೂ ತೋರಿಸಲಾರದು.

ಆಕ್ಷೇಪಣೆಗಳು ಬರುತ್ತವೆ. ಇವೆಲ್ಲ ಪೊಲೀಸ್ ಕೇಸು, ಕಚೇರಿಯ ಗೋಳು; ಹ್ಯಾಕಿಂಗ್ ಎಲ್ಲಿದೆ ಎನ್ನುವವರು ಪಠ್ಯಕ್ರಮವನ್ನೇ ತೆರೆದು ನೋಡಲಿ. ಸಿಐಎಸ್‌ಎಸ್‌ಪಿಯ ಎಂಟು ವಿಭಾಗಗಳಲ್ಲಿ ಅತಿ ಹೆಚ್ಚು ಭಾರ, ಶೇ 16, ಅಪಾಯದ ನಿರ್ವಹಣೆ, ಕಾನೂನು, ನೀತಿಗಳ ವಿಭಾಗಕ್ಕೆ. ನೆಟ್‌ವರ್ಕಿಗೆ ಶೇ 13 ಮಾತ್ರ. ಪರೀಕ್ಷೆಯಲ್ಲಿ ಆಳಂದದ ಬಗ್ಗೆ ಪ್ರಶ್ನೆ ಬರುವುದಿಲ್ಲವಲ್ಲ ಎಂಬುದು ಎರಡನೆಯ ತಕರಾರು. ನಿಜ, ಬರುವುದಿಲ್ಲ. ಬರುವುದು ಸಂದರ್ಭಗಳು. ಮೂರು ಗಂಟೆಯಲ್ಲಿ 100ರಿಂದ 150 ಪ್ರಶ್ನೆ. ಕೊಟ್ಟ ಉತ್ತರ ನೋಡಿಕೊಂಡು ಯಂತ್ರ ಮುಂದಿನ ಪ್ರಶ್ನೆ ಆರಿಸುತ್ತದೆ. ಹಿಂದೆ ಹೋಗಿ ತಿದ್ದುವಂತಿಲ್ಲ. ಅನೇಕ ಪ್ರಶ್ನೆಗಳಿಗೆ ನಾಲ್ಕೂ ಉತ್ತರ ಸರಿಯೆಂದೇ ಕಾಣುತ್ತವೆ, ಅದರಲ್ಲಿ ಹೆಚ್ಚು ಸರಿ ಯಾವುದು, ಮೊದಲು ಮಾಡುವುದೇನು ಎಂದು ಹೇಳಬೇಕು. ಬಾಯಿಪಾಠದವನು ಅಲ್ಲಿ ತಡವರಿಸುತ್ತಾನೆ. ನಿಜವಾದ ಪ್ರಕರಣವನ್ನು ಎಳೆ ಎಳೆಯಾಗಿ ಬಿಡಿಸಿದವನು ನಿಂತು ಯೋಚಿಸುತ್ತಾನೆ.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಹೊಟ್ಟೆಪಾಡಿನದು. ಹುಡುಗರಿಗೆ ನೌಕರಿ ಬೇಕು, ಅದಕ್ಕೆ ಸರ್ಟಿಫಿಕೇಟ್ ಬೇಕು, ತತ್ವ ಆಮೇಲೆ. ಇದನ್ನು ತಳ್ಳಿಹಾಕಲಾಗದು. ಆದರೆ ಪರೀಕ್ಷೆ ಪಾಸಾದ ಮಾತ್ರಕ್ಕೆ ಸಿಐಎಸ್‌ಎಸ್‌ಪಿ ಕೈಗೆ ಬರುವುದಿಲ್ಲ. ಈ ಕ್ಷೇತ್ರದಲ್ಲಿ ಐದು ವರ್ಷದ ಕೆಲಸದ ಅನುಭವ ಬೇಕು, ಸಂಬಂಧಿತ ಪದವಿ ಇದ್ದರೆ ಒಂದು ವರ್ಷ ರಿಯಾಯಿತಿ. ಅಲ್ಲಿಯವರೆಗೆ ‘ಅಸೋಸಿಯೇಟ್’ ಎನ್ನಿಸಿಕೊಂಡು ಕಾಯಬೇಕು. ಐದು ದಿನದ ತರಬೇತಿಯವರು ಐದು ವರ್ಷದ ಈ ಮಾತನ್ನು ಜಾಹೀರಾತಿನ ಕೆಳಗೆ ಸಣ್ಣ ಅಕ್ಷರದಲ್ಲಾದರೂ ಹಾಕಿದರೆ ಪುಣ್ಯ. ಹಾಗಾಗಿ ಕೋರ್ಸಿಗೆ ಸೇರಬೇಕೆಂದಿರುವ ಈ ಮೂರು ತಾಲ್ಲೂಕುಗಳ ತರುಣ ತರುಣಿಯರಲ್ಲಿ ಒಂದು ವಿನಂತಿ: ಫೀಸು ಕಟ್ಟುವ ಮುನ್ನ ಅನುಭವದ ಷರತ್ತನ್ನು ಓದಿ, ಗ್ಯಾರಂಟಿ ಎಂದವರಿಂದ ಅದನ್ನು ಬರಹದಲ್ಲಿ ಕೇಳಿ, ಡಂಪ್ಸ್ ಕೊಡುತ್ತೇವೆ ಎಂದರೆ ಎದ್ದು ಬನ್ನಿ. ಇಷ್ಟು ಮಾಡಿದವರು ಮೊದಲ ಪಾಠವನ್ನು ಪುಕ್ಕಟೆಯಾಗಿ ಕಲಿತಂತೆ.